ತಣ್ಣಗಿದ್ದಾಗ ಬಿಚ್ಚಿದ ಗೇರ್ ಬಾಕ್ಸ್

ಚಿತ್ರದುರ್ಗದಲ್ಲಿ ಚಂದ್ರವಳ್ಳಿಗೆ ಹೋಗುವ ದಾರಿಯ ಬದಿ ಒಂದು ಲಾರಿ ಗ್ಯಾರೇಜಿತ್ತು. ಅಲ್ಲಿ ಬಹಳ ವರ್ಷ ಒಂದು ಕಥೆ ಓಡುತ್ತಿತ್ತು. ಒಬ್ಬ ಡ್ರೈವರ್ ಗೇರ್ ಬಾಕ್ಸಿನ ಒಳ್ಳೆ ಎಣ್ಣೆಯನ್ನು ಬಸಿದು ಮಾರಿಕೊಂಡು, ಯಜಮಾನನಿಗೆ ಗೊತ್ತಾಗದಿರಲಿ ಎಂದು ಬದಲಿಗೆ ಹರಳೆಣ್ಣೆ ತುಂಬಿಸಿದ್ದನಂತೆ. ಮಾಗಿ ಚಳಿಗೆ ಅದು ಗಟ್ಟಿಯಾಗಿ ಗೇರು ಬೀಳದೆ ಸಿಕ್ಕಿಬಿದ್ದನಂತೆ. ಕೇಳಿದವರೆಲ್ಲ ನಗುತ್ತಿದ್ದರು. ನಗುವಂಥ ಕಥೆಯೇ. ಆದರೆ ಸುಳ್ಳು. ಹರಳೆಣ್ಣೆ ಹುಯ್ದವನು ಆ ಡ್ರೈವರಲ್ಲ, ನಾನು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು ಎಂದರೆ ನನ್ನ ಯೋಗ್ಯತೆ ಏನೆಂದು ಓದುವವರೇ ಅಳೆದುಕೊಳ್ಳಬಹುದು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಊರು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಅಜ್ಜನ ಕಾಲದಿಂದ ನಮ್ಮದು ಬಾಡಿಗೆ ಗಾಡಿಗಳ ಮನೆ. ನಾಲ್ಕು ಗಾಡಿ, ನಾಲ್ಕು ಜೋಡಿ ಎತ್ತು. ಹೊಸದುರ್ಗದ ಕಡೆಯ ಕೊಬ್ಬರಿ, ಶೇಂಗಾ ಹೊತ್ತು ಹೊಳಲ್ಕೆರೆಯ ರೈಲು ಸ್ಟೇಷನ್ನಿಗೆ ಹಾಕುವುದು ಕಸುಬು. ಅಪ್ಪ ಎತ್ತು, ಗಾಡಿ ಎಲ್ಲ ಮಾರಿ ದಾವಣಗೆರೆಯಿಂದ ಒಂದು ಹಳೆಯ ಲಾರಿ ತಂದ. ಆಗಲೇ ಮೂರು ಕೈ ಬದಲಾಯಿಸಿದ್ದ, ಉದ್ದ ಮೂತಿಯ ಲಾರಿ. ಅದರ ಗೇರ್ ಬಾಕ್ಸಿನಿಂದ ನಿಂತಲ್ಲಿ ಎಣ್ಣೆ ಹನಿಯುತ್ತಿತ್ತು. ಮೊದಲ ದಿನ ಅಜ್ಜ ಅದರ ಸುತ್ತ ಒಂದು ಸುತ್ತು ಹಾಕಿ, ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಮೂತಿಯ ಮುಂದೆ ನಿಂತು, "ಇದ್ರ ಕೀಲು ಎಲ್ಲೈತಪ್ಪ?" ಎಂದು ಕೇಳಿದ.

ಕೀಲೆಣ್ಣೆ ಎಂದರೆ ಗಾಡಿಯಿದ್ದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಈಗಿನವರಿಗಾಗಿ ಹೇಳುತ್ತೇನೆ: ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕಪ್ಪು ಮುದ್ದೆ, ಗಾಡಿಯ ಅಚ್ಚಿಗೆ ಹಚ್ಚುವಂಥದು. ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ಸಂಜೆ ಪ್ರತಿ ಗಾಡಿಯ ಅಚ್ಚಿಗೂ ಹೊಸ ಕೀಲೆಣ್ಣೆ ಕಾಣಿಸಬೇಕು. ಅದನ್ನು ಮನೆಯ ಮಗನೇ ಮಾಡಬೇಕು. ವರ್ಷವೆಲ್ಲ ಗಾಡಿ ಹೊಡೆದ ಆಳು ಅವತ್ತು ಅದನ್ನು ಮುಟ್ಟುವಂತಿಲ್ಲ. ಗಾಡಿಗಳು ಹೋದರೂ ಅಜ್ಜನ ತಲೆಯಿಂದ ಪದ್ಧತಿ ಹೋಗಲಿಲ್ಲ. ಲಾರಿ ಬಂದ ವರ್ಷವೇ ಕೀಲೆಣ್ಣೆ ಕಲಸಿಟ್ಟುಕೊಂಡು ನನ್ನನ್ನು ಕೂಗಿದ.

ನನಗಾಗ ಇಪ್ಪತ್ತೊಂದು ವರ್ಷ. ಎರಡು ಸಲ ಬಿ.ಎ. ಫೇಲಾಗಿ ಜಗಲಿಗೆ ಭಾರವಾಗಿದ್ದೆ. ಲೋಡು ನೋಡಿಕೊಂಡು ಬರಲಿ ಎಂದು ಅಪ್ಪ ನನ್ನನ್ನು ಲಾರಿಗೆ ಹತ್ತಿಸಿದ್ದ. ಗ್ಯಾರೇಜಿನಲ್ಲಿ ಗೇರ್ ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿ ಎಣ್ಣೆ ಹುಯ್ಯುವುದನ್ನು ನೋಡಿದ್ದೆ. ಅಷ್ಟಕ್ಕೇ ನಾನು ಪಂಡಿತ. "ಹಲ್ಲಿನ ಚಕ್ರ ಎಲ್ಲ ಇದ್ರೊಳಗೇ ಅವೆ ಅಜ್ಜ, ಇಲ್ಲಿಗೆ ಹುಯ್ದ್ರಾತು" ಎಂದೆ. ಅಜ್ಜನಿಗೆ ಎಷ್ಟು ಸಂತೋಷವಾಯಿತೆಂದರೆ, ಮುದ್ದೆಯಾಗಿದ್ದ ಕೀಲೆಣ್ಣೆಗೆ ಇನ್ನಷ್ಟು ಹರಳೆಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಪೂಜೆಯ ಹಿತ್ತಾಳೆ ಗಿಂಡಿಗೆ ತುಂಬಿ ಕೊಟ್ಟ. ಗಿಂಡಿಯ ಸೊಂಡಿಲಿಗೆ ಅವ್ವ ಅರಿಶಿನದ ದಾರ ಕಟ್ಟಿದ್ದಳು. ನಾನು ಲಾರಿಯ ಕೆಳಗೆ ತೂರಿ, ಮಲಗಿಕೊಂಡೇ ಬಿರಡೆ ಬಿಚ್ಚಿ ಗಿಂಡಿಯ ಸೊಂಡಿಲನ್ನು ತೂತಿಗೆ ಇಟ್ಟೆ. ಸೋರಿ ಸೋರಿ ಒಳಗೆ ಜಾಗವಾಗಿತ್ತು. ಗಿಂಡಿ ಪೂರ್ತಿ ಹಿಡಿಯಿತು. ಅಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನೋಡುತ್ತಿದ್ದನೋ ಇಲ್ಲವೋ ನಾನು ಗಮನಿಸಲಿಲ್ಲ.

ಡ್ರೈವರ್ ಆ ಸಂಜೆ ಇರಲಿಲ್ಲ. ಲಾರಿ ತೊಳೆದು ನಿಲ್ಲಿಸಿ, ಹಬ್ಬಕ್ಕೆಂದು ಕೊಟ್ಟ ಪಂಚೆ ತೆಗೆದುಕೊಂಡು ತಮ್ಮ ಊರಿಗೆ ಹೋಗಿದ್ದರು. ಅವರದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ನಲವತ್ತು ದಾಟಿದವರು, ಮಾತು ಕಡಿಮೆ. ನಮ್ಮ ಮನೆಯಲ್ಲಿ ಅವರನ್ನು ಎಲ್ಲರೂ ಏಕವಚನದಲ್ಲೇ ಕರೆಯುತ್ತಿದ್ದೆವು, ನಾನೂ ಸಹ. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ಸಲ್ಲಬೇಕಾದ ಹೊತ್ತಿನಲ್ಲಿ ಕೊಡದ ಮರ್ಯಾದೆ ಇದು, ಇದರಿಂದ ಯಾರಿಗೂ ಉಪಯೋಗವಿಲ್ಲ.

ಅವರ ಗೇರ್ ಹಾಕುವ ಕೈ ಆ ದಾರಿಯಲ್ಲೆಲ್ಲ ಹೆಸರಾಗಿತ್ತು. ಹಳೆಯ ಲಾರಿಗಳಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ಎರಡು ಸಲ ಕ್ಲಚ್ ತುಳಿಯಬೇಕು, ನಡುವೆ ಇಂಜಿನ್ನಿನ ಸದ್ದು ಎಷ್ಟಕ್ಕೆ ಇಳಿಯಿತೆಂದು ಕಿವಿಯಲ್ಲೇ ಅಂದಾಜು ಮಾಡಬೇಕು. ತಪ್ಪಿದರೆ ಕರಕರ ಎನ್ನುತ್ತದೆ, ಕೇಳಿದವರ ಹಲ್ಲು ಜುಮ್ಮೆನ್ನುತ್ತದೆ. ಅವರು ಹಾಕಿದರೆ ಪಕ್ಕದಲ್ಲಿ ತೂಕಡಿಸುವವನಿಗೆ ಎಚ್ಚರವಾಗುತ್ತಿರಲಿಲ್ಲ. ಒಮ್ಮೆ ಯಾಕೋ ಮಾತಿಗೆ ಸಿಕ್ಕಿದಾಗ ಹೇಳಿದ್ದರು: "ನಂಗೆ ಹೊಲ ಇಲ್ಲ ಚಿಕ್ಕೆಜಮಾನ್ರೆ. ಈ ಎಡಗೈ ಒಂದೇ ಹೊಲ."

ಮೊದಲ ವರ್ಷ ಕಾರ್ತೀಕ ಕಳೆದು ಚಳಿ ಹಿಡಿದಾಗ ಬೆಳಿಗ್ಗೆ ಗೇರು ಸ್ವಲ್ಪ ಬಿಗಿ ಎನ್ನಿಸತೊಡಗಿತು. ಹಳೆ ಲಾರಿ, ಹಾಗೇ ಇರುತ್ತದೆ ಎಂದುಕೊಂಡೆವು. ನಮ್ಮ ಕಡೆ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಚಳಿಯ ಜೊತೆ ಲಾರಿಯ ಕಾಯಿಲೆಯೂ ಹೋಯಿತು. ಎರಡನೆಯ ವರ್ಷದ ಆಯುಧಪೂಜೆಗೆ ಅಜ್ಜ ಎರಡು ಗಿಂಡಿ ಕೊಟ್ಟ. "ಹೋದ ವರ್ಷ ಚಳ್ಯಾಗೆ ಬಿಗೀತಿತ್ತಂತೆ. ಕೀಲು ಒಣಗೈತೆ, ಅದ್ಕೇ" ಎಂದ. ಗಾಡಿಯ ಲೆಕ್ಕದಲ್ಲಿ ಅದು ಸರಿ. ಅಚ್ಚು ಬಿಗಿದರೆ ಎಣ್ಣೆ ಹೆಚ್ಚು ಹಚ್ಚಬೇಕು. ಎರಡನ್ನೂ ಹುಯ್ದೆ. ಅವತ್ತು ಗಿಂಡಿ ವಾಪಸು ಕೊಡುವಾಗ ಅವ್ವ, "ಒಂದ್ರ ದಾರ ಎಲ್ಲೋ?" ಎಂದಳು. ಎಲ್ಲೋ ಬಿದ್ದಿರಬೇಕು ಎಂದೆ.

ಆ ಸಲದ ಮಾಗಿಯಲ್ಲಿ ಲಾರಿ ಹಠ ಹಿಡಿಯಿತು. ಬೆಳಿಗ್ಗೆ ಇಂಜಿನ್ ಶುರುವಾಗುತ್ತಿತ್ತು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಬಿಟ್ಟರೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಕಡ್ಡಿ ಬಾಗುವುದೇ ಇಲ್ಲ, ಬಾಗಿದರೆ ಕರಕರ. ಆ ಹೆಸರಾದ ಕೈಯಿಂದ ಊರೆಲ್ಲ ಎದ್ದು ಕೂರುವಂಥ ಸದ್ದು. ನಾಲ್ಕೈದು ಮೈಲಿ ಓಡಿ ಬಿಸಿಯಾದ ಮೇಲೆ ಮತ್ತೆ ಎಂದಿನಂತೆ, ಏನೂ ಆಗಿಲ್ಲವೆಂಬ ಹಾಗೆ. ಅಪ್ಪ ಬೆಳಗಿನ ಸದ್ದನ್ನು ಮಾತ್ರ ಕೇಳುತ್ತಿದ್ದ. ಮನೆಯ ಮುಂದೆಯೇ ಅಲ್ಲವೆ ಲಾರಿ ನಿಲ್ಲುತ್ತಿದ್ದುದು. "ಕೈಯಾಗೆ ಕಸುವಿಲ್ಲ, ಲಾರಿ ಮೇಲೆ ಹೇಳ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಬಂದವರೆದುರು ಅನ್ನುತ್ತಿದ್ದ. ಡ್ರೈವರ್ ಕೇಳಿಸಿಕೊಂಡು ಚಕ್ರದ ಗಾಳಿ ನೋಡುತ್ತಿದ್ದರು.

ಕಾಯಿಲೆ ಹುಡುಕಿದ್ದು ಅವರೊಬ್ಬರೇ. ನನಗೆ ಈಗಲೂ ಅವರು ಹುಡುಕಿದ ರೀತಿ ಕಣ್ಣಿಗೆ ಕಟ್ಟಿದೆ. ಮೊದಲು ಕ್ಲಚ್ಚಿನ ಮೇಲೆ ಅನುಮಾನ ಪಟ್ಟರು. ಪೆಡಲ್ ಎಷ್ಟು ತುಳಿದರೆ ಬಿಡುತ್ತದೆ ಎಂದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬೆರಳಿನಲ್ಲಿ ಅಳೆದರು, ಎರಡೂ ಒಂದೇ. ಹೊಸದುರ್ಗದಲ್ಲಿ ಲೋಡಿಗೆಂದು ಹಗಲು ಐದಾರು ಗಂಟೆ ನಿಲ್ಲಿಸಿದ ಮೇಲೆ ನೋಡಿದರು, ಗೇರು ಸಲೀಸು. ಹಾಗಾದರೆ ನಿಂತಿದ್ದರಿಂದ ಅಲ್ಲ, ತಣ್ಣಗಾಗಿದ್ದರಿಂದ. ಆಮೇಲೆ ಒಂದು ಬೆಳಿಗ್ಗೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಚಿಪ್ಪು ಹೊತ್ತಿಸಿ, ಉರಿ ಆರಿ ಕೆಂಡವಾದ ಮೇಲೆ ಗೇರ್ ಬಾಕ್ಸಿನ ಕೆಳಗೆ ತಳ್ಳಿದರು. ಅರ್ಧ ಗಂಟೆ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎದ್ದು ಹೋಗಿ ಗೇರು ಹಾಕಿದರೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು. "ಹಲ್ಲು ಚೆನ್ನಾಗವೆ. ರೋಗ ಎಣ್ಣೇದು" ಎಂದರು ನನಗೆ. ಅಷ್ಟರಲ್ಲಿ ಅಪ್ಪ ಹೊರಗೆ ಬಂದ. ಬಾಣಲೆ ಕಂಡು, "ಲೇ, ಲಾರಿ ಸುಡ್ತೀಯೇನಲೇ?" ಎಂದು ಬೈದ. ಬಾಣಲೆ ತಿಪ್ಪೆ ಸೇರಿತು.

ರೋಗ ಎಣ್ಣೆಯದು ಎಂದು ಅವರು ಹೇಳಿದಾಗ ನನಗೆ ಗಿಂಡಿ ನೆನಪಾಗಲಿಲ್ಲವೆ? ಆಯಿತು. ಆದರೆ ಅಜ್ಜ ಕೊಟ್ಟದ್ದು, ಪೂಜೆಯದ್ದು, ಅದೂ ಎಣ್ಣೆಯೇ ತಾನೆ ಎಂದು ಸುಮ್ಮನಾದೆ. ಈ ಸುಮ್ಮನಾಗುವುದು ಒಮ್ಮೆ ಅಭ್ಯಾಸವಾದರೆ ಆಮೇಲೆ ಬಲು ಸುಲಭ.

ಎಣ್ಣೆ ಬದಲಾಯಿಸಬೇಕೆಂದು ಡ್ರೈವರ್ ಹಠ ಮಾಡಿದ್ದಕ್ಕೆ ಗ್ಯಾರೇಜಿಗೆ ಹೋದೆವು. ಊರಿನಿಂದ ಚಿತ್ರದುರ್ಗ ಮೂವತ್ತು ಮೈಲಿಯ ಹತ್ತಿರ. ತಲುಪುವಷ್ಟರಲ್ಲಿ ಗೇರ್ ಬಾಕ್ಸ್ ಮುಟ್ಟಿದರೆ ಕೈ ಸುಡುತ್ತಿತ್ತು. ಮೆಕ್ಯಾನಿಕ್ ಹೆಸರುವಾಸಿ ಮನುಷ್ಯ, ಹತ್ತು ಗಂಟೆಗೆ ಮುಂಚೆ ಗ್ಯಾರೇಜಿಗೆ ಕಾಲಿಡುತ್ತಿರಲಿಲ್ಲ. ತಾನೇ ಓಡಿಸಿ ನೋಡಿದ. ಎಲ್ಲ ಸರಿ. ಕೆಳಗಿನ ಬಿರಡೆ ಸಡಿಲಿಸಿ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ಉಜ್ಜಿ ನೋಡಿದ. ಬಿಸಿಯಲ್ಲಿ ಎಲ್ಲ ಕಲೆತು ಒಂದೇ ಕಪ್ಪು, ಒಂದೇ ತೆಳು, ಗೇರ್ ಎಣ್ಣೆಯ ಗಬ್ಬು ವಾಸನೆಯಲ್ಲಿ ಬೇರೆ ವಾಸನೆಯೆಲ್ಲ ಮುಚ್ಚಿಹೋಗಿತ್ತು. ಆಗ ಎಣ್ಣೆಗೆ ಬರ ಬಂದು ಬೆಲೆ ಏರಿತ್ತು. ಇದ್ದದ್ದನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. "ಎಣ್ಣೆ ಚೆನ್ನಾಗೈತೆ, ಇನ್ನಾರು ತಿಂಗ್ಳು ಬರುತ್ತೆ" ಎಂದ. ಅಪ್ಪನಿಗೆ ಹೇಳಿ ಕಳಿಸಿದ್ದು ಇನ್ನೊಂದು ಮಾತು: "ಲಾರೀಲಿ ಏನೂ ಇಲ್ಲ. ಕೈ ನೋಡ್ಕಳ್ರಿ." ಆ ಮಾತನ್ನು ಹೊತ್ತುಕೊಂಡು ಹೋಗಿ ಮುಟ್ಟಿಸಿದವನು ನಾನೇ.

ಸಂಕ್ರಾಂತಿಯ ಹಿಂದುಮುಂದು ಹಿರೇಗುಂಟನೂರಿನಲ್ಲಿ ಶೇಂಗಾ ಲೋಡಿತ್ತು. ಹಿಂದಿನ ದಿನವೇ ಮೂಟೆ ಏರಿಸಿ ಅಲ್ಲೇ ಉಳಿದಿದ್ದೆವು. ಬೆಳಿಗ್ಗೆ ಕಣದಿಂದ ರಸ್ತೆಗೆ ಹತ್ತುವ ಸಣ್ಣ ಏರು. ಒಂದರಿಂದ ಎರಡಕ್ಕೆ ಹಾಕಲು ಹೋದಾಗ ಕಡ್ಡಿ ನಡುವೆ ಸಿಕ್ಕಿಕೊಂಡಿತು. ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ಲ. ತುಂಬಿದ ಲಾರಿ, ಹಳೆಯ ಬ್ರೇಕು. ಹಿಂದಕ್ಕೆ ಉರುಳಿ ಕಣದ ಪಕ್ಕದ ಕಲ್ಲುಗೋಡೆಗೆ ಗುದ್ದಿ ನಿಂತಿತು. ಹಿಂದಿನ ಹಲಗೆ ಮುರಿದು ಮೂಟೆಗಳು ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಒಳಗೆ ಮಾತ್ರ ಏನೋ ಕಟಕ್ ಎಂದದ್ದು ಇಬ್ಬರಿಗೂ ಕೇಳಿಸಿತು. ಡ್ರೈವರ್ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು. ಎಡಗೈ ಇನ್ನೂ ಗೇರಿನ ಕಡ್ಡಿಯ ಮೇಲೇ ಇತ್ತು.

ಅಪ್ಪ ಸುದ್ದಿ ಕೇಳಿ ಬಸ್ಸು ಹತ್ತಿ ಬಂದ. ಬಂದವನೇ, "ನಿನ್ ಸಹವಾಸ ಸಾಕು, ನಡಿ" ಎಂದ. ಡ್ರೈವರ್ ವಾದ ಮಾಡಲಿಲ್ಲ. ಒಂದೇ ಒಂದು ಕೇಳಿದರು.

"ಒಂದ್ ದಿನ ಕೊಡ್ರಿ ಯಜಮಾನ್ರೆ. ಇವತ್ತು ಹೆಂಗೋ ಗ್ಯಾರೇಜಿಗೆ ಎಳಿಸ್ಕಂಡು ಹೋಗಾಣ. ರಾತ್ರಿ ಅಲ್ಲೇ ನಿಲ್ಲಲಿ. ನಾಳೆ ಹೊತ್ತುಟ್ಟೋ ಹೊತ್ಗೆ, ತಣ್ಣಗಿದ್ದಾಗ್ಲೇ ಬಿಚ್ಚಿಸ್ರಿ. ಯಾರೂ ಇಂಜಿನ್ ಶುರು ಮಾಡೋದು ಬ್ಯಾಡ. ಒಳಗೆ ಏನೂ ಸಿಗ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ, ಇನ್ನ್ಯಾವತ್ತೂ ಸ್ಟೇರಿಂಗ್ ಮುಟ್ಟಲ್ಲ."

ಅಪ್ಪ ಒಪ್ಪಿದ. ಎಳೆಸಿಕೊಂಡು ಹೋದೆವು. ಡ್ರೈವರ್ ಮೆಕ್ಯಾನಿಕ್ಕಿನ ಮನೆಗೇ ಹೋಗಿ ಕಾಲು ಹಿಡಿಯುವಷ್ಟು ಬೇಡಿ, ಬೆಳಿಗ್ಗೆ ಬೇಗ ಬರಲು ಒಪ್ಪಿಸಿದರು. ರಾತ್ರಿ ಲಾರಿಯಲ್ಲೇ ಮಲಗಿದರು, ಯಾರಾದರೂ ಬಂದು ಇಂಜಿನ್ ಬಿಸಿ ಮಾಡಿಬಿಟ್ಟಾರು ಎಂದು. ತಮ್ಮ ಕೊರಳಿಗೆ ಹಗ್ಗವನ್ನು ಇಷ್ಟು ಜಾಗ್ರತೆಯಿಂದ ಹೊಸೆದುಕೊಂಡವರನ್ನು ನಾನು ಬೇರೆ ನೋಡಿಲ್ಲ.

ಬೆಳಿಗ್ಗೆ ಬಾಯಿಂದ ಹೊಗೆಯಾಡುವಂಥ ಚಳಿ. ಮೆಕ್ಯಾನಿಕ್ ಮಫ್ಲರ್ ಸುತ್ತಿಕೊಂಡು ಗೊಣಗುತ್ತ ಬಂದ. ಅಗಲವಾದ ತಟ್ಟೆ ಇಟ್ಟು ಕೆಳಗಿನ ಬಿರಡೆ ಬಿಚ್ಚಿದ. ಏನೂ ಬೀಳಲಿಲ್ಲ. ತೂತಿನಲ್ಲಿ ಕಪ್ಪಗೆ ಏನೋ ಕಾಣುತ್ತದೆ, ಬೀಳುವುದಿಲ್ಲ. ಕಡ್ಡಿಯಿಂದ ಕೆದಕಿದ. ಆಗ ಜೋನಿ ಬೆಲ್ಲದ ಹಾಗೆ ಒಂದು ದಪ್ಪ ಎಳೆ ನಿಧಾನವಾಗಿ ಇಳಿದು ತಟ್ಟೆಯಲ್ಲಿ ಸುರುಳಿ ಸುತ್ತಿಕೊಂಡಿತು. ಎಷ್ಟೋ ಹೊತ್ತು ಅದೇ ಬಿತ್ತು. ಆಮೇಲೆ ಅದರ ಹಿಂದೆ ತೆಳ್ಳಗಿನ ಗೇರ್ ಎಣ್ಣೆ ದಬದಬ ಸುರಿಯಿತು. ಎರಡೂ ತಟ್ಟೆಯಲ್ಲಿ ಬೆರೆಯದೆ ಬೇರೆ ಬೇರೆ ನಿಂತವು. ಚಳಿಗೆ ಬೇರೆಯಾಗಿ ತಳಕ್ಕೆ ಕೂರುವುದು, ಓಡಿ ಬಿಸಿಯಾದರೆ ಮತ್ತೆ ಕಲೆಯುವುದು, ಇಷ್ಟೇ ಅದರ ಗುಟ್ಟು. ಬಿಸಿಯಿದ್ದಾಗ ನೂರು ಸಲ ನೋಡಿದ್ದರೂ ಕಾಣುತ್ತಿರಲಿಲ್ಲ.

ಡ್ರೈವರ್ ಮುಖ ಅರಳಿತು. "ನೋಡ್ರಿ ಯಜಮಾನ್ರೆ. ಹೇಳಿದ್ನಲ್ಲ, ಕೈ ಅಲ್ಲ, ಎಣ್ಣೆ" ಎಂದರು. ಆ ಮುಖವನ್ನು ನಾನು ಮರೆತಿಲ್ಲ. ಅರ್ಧ ನಿಮಿಷವೂ ಇರಲಿಲ್ಲ ಅದು.

ಮೆಕ್ಯಾನಿಕ್ ದಪ್ಪನೆಯದನ್ನು ಬೆರಳಿಗೆ ಹಚ್ಚಿ ಮೂಸಿದ. "ಹರಳೆಣ್ಣೆ ಕಣ್ರಿ ಇದು. ಇದನ್ಯಾರು ಹುಯ್ದ್ರು?" ಎಂದ. ಗೇರ್ ಎಣ್ಣೆಯ ಡಬ್ಬ ಯಾವಾಗಲೂ ಡ್ರೈವರ್ ಸುಪರ್ದಿನಲ್ಲೇ ಇರುತ್ತಿತ್ತು. ಅಪ್ಪ ನಿಧಾನವಾಗಿ ಅವರ ಕಡೆ ತಿರುಗಿದ.

"ಒಳ್ಳೇದು ಮಾರ್ಕಂಡು ಇದು ಹುಯ್ದಿಯೇನಪ್ಪ?"

ಡ್ರೈವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ತಲೆ ಅಲ್ಲಾಡಿಸಿದರು. ಮೆಕ್ಯಾನಿಕ್ ತಟ್ಟೆಯಲ್ಲಿ ಕಡ್ಡಿ ಆಡಿಸುತ್ತಿದ್ದ. ಮುರಿದ ಹಲ್ಲಿನ ಎರಡು ಚೂರು ಸಿಕ್ಕವು. ಆಮೇಲೆ ಕಡ್ಡಿಗೆ ಸುತ್ತಿಕೊಂಡು ಒಂದು ದಾರ ಬಂತು. ಅವನು ಅದನ್ನು ಕಸವೆಂದು ಝಾಡಿಸಿದ. ಡ್ರೈವರ್ ಬಗ್ಗಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಒರೆಸಿದರು. ಗಂಟು ಹಾಕಿದ ದಾರ. ಗಂಟಿನ ಒಳಗೆ ಎಣ್ಣೆ ಹೋಗದ ಕಡೆ ಇನ್ನೂ ಹಳದಿ ಉಳಿದಿತ್ತು.

ಅವರಿಗೆ ತಿಳಿಯಿತು. ಪೂಜೆಯ ದಾರ, ಆಯುಧಪೂಜೆಯ ಹಿಂದಿನ ಸಂಜೆ ಆಳುಗಳು ಮುಟ್ಟಬಾರದ ಎಣ್ಣೆ, ಎಲ್ಲ ಒಂದರ ಹಿಂದೊಂದು ಅವರ ಮುಖದ ಮೇಲೆ ಹಾದುಹೋದವು. ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ದಾರವನ್ನು ಲಾರಿಯ ಮಡ್‌ಗಾರ್ಡಿನ ಮೇಲೆ, ನನ್ನ ಕೈಗೆ ಎಟಕುವ ಕಡೆ ಇಟ್ಟು ನನ್ನನ್ನು ನೋಡಿದರು. ನಾನೇ ಹೇಳಲಿ ಎಂದು ಬಿಟ್ಟುಕೊಟ್ಟರು. ಮನೆಯ ಹಿರಿಯರ ಪೂಜೆಯನ್ನು ಗ್ಯಾರೇಜಿನಲ್ಲಿ ನಿಂತು ತಪ್ಪು ಎನ್ನಲು ಆಳಿಗೆ ಬಾಯಿ ಬರಲಿಲ್ಲ. ಮನೆಯವನೇ ಅನ್ನಲಿ ಎಂದು ಕಾದರು.

ಅಪ್ಪನೂ ದಾರ ನೋಡಿದ. ಕನ್ನಡಕ ತೆಗೆದು ಟವೆಲಿನಿಂದ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ. ಅವನಿಗೆ ಗೊತ್ತಾಯಿತು ಎಂದೇ ನನ್ನ ನಂಬಿಕೆ. ಮೆಕ್ಯಾನಿಕ್ಕಿಗೂ ಅನುಮಾನ ಬಾರದೆ ಇರಲಿಲ್ಲ. ಹರಳೆಣ್ಣೆ ಮಾತ್ರ ಆಗಿದ್ದರೆ ಬೆರಳಿಗೆ ಅಂಟಿದ ಹುಲ್ಲಿನ ಕರಿ ಎಲ್ಲಿಂದ ಬರಬೇಕು? ಆದರೆ "ಕೈ ನೋಡ್ಕಳ್ರಿ" ಎಂದವನು ಅವನೇ. ಡ್ರೈವರ್ ಕಳ್ಳನಾದರೆ ಮೆಕ್ಯಾನಿಕ್ಕಿನ ಹೆಸರು ಉಳಿಯುತ್ತಿತ್ತು, ಅಜ್ಜನ ಪೂಜೆ ಉಳಿಯುತ್ತಿತ್ತು, ಅಪ್ಪ ಆ ಚಳಿಗಾಲವೆಲ್ಲ ಬೈದದ್ದು ನ್ಯಾಯವಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಬರೆಯ ಕಬ್ಬಿಣ ಹಿಡಿದುಕೊಂಡು ಅಲ್ಲಿ ಮೂವರು ನಿಂತಿದ್ದೆವು.

ನಾನು ಕೈ ಚಾಚಿದೆ. ದಾರವನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಮ್ಮನಿದ್ದದ್ದಲ್ಲ. ಕದ್ದದ್ದು. ಆ ಗ್ಯಾರೇಜಿನಲ್ಲಿ ಅವತ್ತು ಕಳ್ಳ ಎಂದು ಒಬ್ಬನಿದ್ದರೆ ಅವನ ಜೇಬಿನಲ್ಲಿ ಮಾಲೂ ಇತ್ತು.

ಡ್ರೈವರ್ ನನ್ನ ಜೇಬನ್ನೇ ನೋಡಿದರು. ಆಮೇಲೆ ಲಾರಿ ಹತ್ತಿ, ಸೀಟಿನ ಹಿಂದಿದ್ದ ತಮ್ಮ ಕಂಬಳಿ, ಒಂದು ಚೀಲ ಇಳಿಸಿಕೊಂಡರು. ಬೀಗದ ಕೈಯನ್ನು ಅಪ್ಪನ ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲಿಟ್ಟರು. "ಹೊಸ ಎಣ್ಣೆ ಹಾಕೋ ಮುಂಚೆ ಒಳಗೆ ಡೀಸೆಲ್ ಹುಯ್ದು ಎರಡ್ ಸಲ ತೊಳೀರಿ. ಇಲ್ದಿದ್ರೆ ಮುಂದಿನ್ ವರ್ಷನೂ ಹಿಂಗೇ ಆಗುತ್ತೆ" ಎಂದು ಮೆಕ್ಯಾನಿಕ್ಕಿಗೆ ಹೇಳಿ ಹೊರಟರು. ಯಾರೂ ತಡೆಯಲಿಲ್ಲ.

ಅಜ್ಜನಿಗೆ ನಾನು ಹೇಳಿದೆ. ಆ ವಾರವೇ ಹೇಳಿದೆ, ಅಪ್ಪ ಮನೆಯಲ್ಲಿಲ್ಲದಾಗ. ಅಜ್ಜ ಮೊದಲು ನಂಬಲಿಲ್ಲ. ಅರವತ್ತು ವರ್ಷ ಗಾಡಿಯನ್ನು ಓಡಿಸಿದ ಎಣ್ಣೆ ಲಾರಿಯನ್ನು ಹೇಗೆ ಕೆಡಿಸೀತು? ದಾರ ತೋರಿಸಿದೆ. ಅದನ್ನು ಹಿಡಿದುಕೊಂಡು ಕೂತ. "ಅವ್ನಿಗೆ ಹೇಳ್ದೇನೋ?" ಎಂದ. ಇಲ್ಲ ಎಂದೆ. "ನಿಮ್ಮಪ್ಪಂಗೆ?" ಇಲ್ಲ. "ಮತ್ತೆ ನಂಗ್ಯಾಕೆ ಹೇಳ್ತೀಯ, ಸಾಯೋ ಮುದುಕಂಗೆ?" ಎಂದು ದಾರ ನನ್ನ ಕಡೆಗೇ ಎಸೆದ. ಮುಂದಿನ ಆಯುಧಪೂಜೆಗೆ ಅವನು ಕೀಲೆಣ್ಣೆ ಕಲಸಲಿಲ್ಲ. ಅಪ್ಪ ಯಾಕೆಂದು ಕೇಳಲೂ ಇಲ್ಲ. ಲಾರಿ ಆ ಚಳಿಗಾಲದಲ್ಲಿ ಒಂದು ದಿನವೂ ತಕರಾರು ಮಾಡಲಿಲ್ಲ. ಹೊಸ ಡ್ರೈವರನ ಕೈ ಎಷ್ಟು ಚೆನ್ನಾಗಿದೆ ಎಂದು ಅಪ್ಪ ಬಂದವರಿಗೆಲ್ಲ ಹೇಳಿದ. ಆ ಹೊಸಬನಿಗೆ ಗೇರ್ ಹಾಕಲು ಬರುತ್ತಿದ್ದುದು ಅಷ್ಟಕ್ಕಷ್ಟೇ.

ನಾನು ಹರಿಯಬ್ಬೆಗೆ ಹೋದದ್ದು ಮರುವರ್ಷದ ಶಿವರಾತ್ರಿ ಕಳೆದ ಮೇಲೆ. ಹಿರಿಯೂರಿನ ಲಾರಿ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. "ಯಾರು, ಹರಳೆಣ್ಣೆ ಡ್ರೈವರಾ?" ಎಂದು ಕೇಳಿ ದಾರಿ ಹೇಳಿದರು. ಕಥೆ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಹಿರಿಯೂರಿನಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಯಾರೂ ಅವರ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ. ಯಾರದೋ ಹೊಲದಲ್ಲಿ ಕೂಲಿ ಮಾಡಿ ಆಗಷ್ಟೇ ಮನೆಗೆ ಬಂದಿದ್ದರು. ಎಡಗೈಯ ಅಂಗೈಯಲ್ಲಿ ಗುದ್ದಲಿ ಹಿಡಿದ ಹೊಸ ಬೊಕ್ಕೆಗಳಿದ್ದವು. "ಬರ್ರಿ, ಕುಂತ್ಕಳ್ರಿ" ಎಂದರು. ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟು ಒಳಗೆ ಹೋದರು. "ಅಜ್ಜಾರು ಹೆಂಗವ್ರೆ?" ಎಂದು ಡ್ರೈವರ್ ಕೇಳಿದರು.

ನಾನು ಎಲ್ಲ ಹೇಳಿದೆ. ಗಿಂಡಿ, ದಾರ, ಜೇಬು. ಹೇಳುತ್ತ ಅತ್ತೆ ಕೂಡ. ಅತ್ತದ್ದು ನಿಜ, ಆದರೆ ಅದರಲ್ಲಿ ಅರ್ಧ ಹಗುರಾಗುವ ಆಸೆ ಇತ್ತು ಎಂಬುದೂ ನಿಜ. ಅವರು ಪೂರ್ತಿ ಕೇಳಿಸಿಕೊಂಡರು.

"ಅಜ್ಜಾರೇ ಹುಯ್ದಿರ್ಬೇಕು ಅಂದ್ಕಂಡಿದ್ದೆ. ನೀವು ದಾರ ಜೇಬಿಗೆ ಹಾಕ್ಕಂಡಾಗ ಗೊತ್ತಾತು ನೀವೇ ಅಂತ" ಎಂದರು. ಬೆಲ್ಲವನ್ನು ನನ್ನ ಕಡೆ ಸರಿಸಿ, "ಇದ್ನ ನನ್ ಮುಂದೆ ಹೇಳಿ ಏನ್ ಬಂತು ಚಿಕ್ಕೆಜಮಾನ್ರೆ? ನಾನು ಹುಯ್ದಿಲ್ಲ ಅಂತ ನಂಗೆ ಗೊತ್ತೇ ಐತಲ್ಲ. ಗೊತ್ತಿಲ್ದೋರ ಮುಂದೆ ಹೇಳ್ರಿ. ಗ್ಯಾರೇಜಿನಾಗೆ ಹೇಳ್ರಿ. ಅಲ್ಲಿ ಒಂದ್ಸಲ ಹೇಳಿದ್ರೆ ಸಾಕು, ನಾಕು ತಾಲೂಕಿಗೂ ಮುಟ್ಟುತ್ತೆ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಹೋಗುವ ದಾರಿ ಕೇಳಿದವನಿಗೆ ದಾರಿ ತೋರಿಸಿದ ಹಾಗೆ ಹೇಳಿದರು. ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಅಪ್ಪ ಇರುವವರೆಗೆ ಬೇಡ ಎಂದುಕೊಂಡೆ. ಅಪ್ಪ ತೀರಿಕೊಂಡ ಮೇಲೆ, ಸತ್ತವರ ಮೇಲೆ ಯಾಕೆ ಎಂದುಕೊಂಡೆ. ಲಾರಿ ನನ್ನ ಕೈಗೆ ಬಂದಿತ್ತು. ಗ್ಯಾರೇಜಿಗೆ ಎಷ್ಟೋ ಸಲ ಹೋದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಒಂದು ದಿನ ಅಲ್ಲಿ ಬೇರೆ ಲಾರಿಗಳ ನಾಲ್ಕೈದು ಜನ ಟೀ ಕುಡಿಯುತ್ತ ಕೂತಿದ್ದರು. ಚಳಿಗೆ ಗೇರು ಬಿಗಿಯುತ್ತದೆ ಎಂದು ಯಾರೋ ಅಂದರು. ಮೆಕ್ಯಾನಿಕ್ಕಿಗೆ ಹುರುಪು ಬಂತು, ಹರಳೆಣ್ಣೆ ಡ್ರೈವರನ ಕಥೆ ತೆಗೆದ. ಎಳೆ ಎಳೆಯಾಗಿ ಇಳಿದದ್ದನ್ನು ಕೈಯಲ್ಲಿ ಮಾಡಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನು ನನ್ನ ಕಡೆ ತಿರುಗಿ, "ಇವ್ರೇ ಇದ್ರು ಅವತ್ತು, ಕಣ್ಣಾರೆ ನೋಡವ್ರೆ. ಹೌದೋ ಅಲ್ಲೋ ಕೇಳ್ರಿ" ಎಂದ.

ಎಲ್ಲರೂ ನನ್ನ ಮುಖ ನೋಡಿದರು. ಕೈಯಲ್ಲಿ ಟೀ ಲೋಟವಿತ್ತು.

"ಹೌದು" ಎಂದೆ. ಎಂದು, ಅವರ ಜೊತೆ ನಾನೂ ನಕ್ಕೆ.